ಗ್ರಿಪ್ಪೂ ಬೇಕು, ಬಾಳಿಕೆಯೂ ಬೇಕು: ದೂರದ ಸವಾರಿಯ ಬೈಕಿಗೆ ಟಯರ್ ಆರಿಸುವ ಬಗೆ

ದೊಡ್ಡ ಬೈಕಿಗೆ ಟಯರ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಸಾವಿರ ಕಿಲೋಮೀಟರ್ ಓಡುತ್ತದೆ?’ ಎಂಬುದು. ಎರಡನೆಯದು ‘ಗ್ರಿಪ್ ಹೇಗಿದೆ?’ ಅಂಗಡಿಯವರ ಉತ್ತರ ಮೊದಲೇ ಸಿದ್ಧವಾಗಿರುತ್ತದೆ: ಮೆತ್ತನೆಯ ರಬ್ಬರ್ ಚೆನ್ನಾಗಿ ಹಿಡಿಯುತ್ತದೆ, ಬೇಗ ಸವೆಯುತ್ತದೆ; ಗಟ್ಟಿ ರಬ್ಬರ್ ಬಾಳುತ್ತದೆ, ಆದರೆ ಜಾರುತ್ತದೆ. ಮೂವತ್ತು ವರ್ಷಗಳ ಹಿಂದೆ ಈ ಮಾತು ಬಹುಮಟ್ಟಿಗೆ ನಿಜವಾಗಿತ್ತು. ಇವತ್ತು ಅರ್ಧ ನಿಜ. ಉಳಿದರ್ಧವನ್ನು ಸುಳ್ಳು ಮಾಡುವುದಕ್ಕೆಂದೇ ಹುಟ್ಟಿಕೊಂಡ ವರ್ಗ ‘ಸ್ಪೋರ್ಟ್ ಟೂರಿಂಗ್’ ಟಯರ್.

ವಾರದ ದಿನಗಳಲ್ಲಿ ಕಚೇರಿಗೆ ಹೋಗಿ, ಶನಿವಾರ ಬೆಳಿಗ್ಗೆ ಸಕಲೇಶಪುರದ ಕಡೆಗೆ ಬೈಕ್ ತಿರುಗಿಸಿ, ವರ್ಷಕ್ಕೊಮ್ಮೆ ಗೋವಾಕ್ಕೋ ಕನ್ಯಾಕುಮಾರಿಗೋ ಹೋಗಿಬರುವ ಸವಾರನಿಗೆ ಬೇಕಾದದ್ದು ಈ ವರ್ಗವೇ. ಮಿಶೆಲಿನ್ ರೋಡ್ 5 ಮತ್ತು ರೋಡ್ 6, ಪಿರೆಲ್ಲಿ ಏಂಜೆಲ್ ಜಿಟಿ 2, ಮೆಟ್ಜೆಲರ್ ರೋಡ್‌ಟೆಕ್, ಬ್ರಿಜ್‌ಸ್ಟೋನ್ ಟಿ32, ಕಾಂಟಿನೆಂಟಲ್ ರೋಡ್ ಅಟ್ಯಾಕ್, ಡನ್‌ಲಪ್ ರೋಡ್‌ಸ್ಮಾರ್ಟ್ ಎಲ್ಲವೂ ಇದರೊಳಗೇ ಬರುತ್ತವೆ. ಹೆಸರುಗಳ ನಡುವೆ ಆರಿಸುವುದು ನಿಜಕ್ಕೂ ಕೊನೆಯ ಕೆಲಸ. ಅದಕ್ಕೆ ಮುಂಚೆ ತಿಳಿಯಬೇಕಾದ ಸಂಗತಿಗಳು ಎರಡು. ಗ್ರಿಪ್ ಎನ್ನುವುದು ಟಯರಿನೊಳಗೆ ತುಂಬಿಟ್ಟ ಗುಣವಲ್ಲ, ಅದು ಉಷ್ಣತೆಯ ಮೇಲೆ ನಿಂತಿದೆ. ಬಾಳಿಕೆ ಎನ್ನುವುದು ರಬ್ಬರ್ ಮುಗಿಯುವವರೆಗಿನ ದೂರವಲ್ಲ, ಟಯರಿನ ಆಕಾರ ಕೆಡುವವರೆಗಿನ ದೂರ. ಇವೆರಡು ಮನಸ್ಸಿಗೆ ಇಳಿದರೆ ಅಂಗಡಿಯವರ ಮಾತಿನಲ್ಲಿ ಎಷ್ಟನ್ನು ತೆಗೆದುಕೊಳ್ಳಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಹಿಡಿತ ಎಲ್ಲಿಂದ ಬರುತ್ತದೆ

ನಿಲ್ಲಿಸಿದ ಬೈಕಿನ ಚಕ್ರದ ಬುಡವನ್ನು ಬಗ್ಗಿ ನೋಡಿದರೆ ಟಯರ್ ನೆಲವನ್ನು ಮುಟ್ಟುವ ಜಾಗ ಎಷ್ಟು ಕಿರಿದು ಎಂಬುದು ಕಾಣುತ್ತದೆ. ಲೆಕ್ಕವೂ ಸುಲಭ. ಬೈಕ್ 200 ಕೆ.ಜಿ., ಜಾಕೆಟ್ ಹೆಲ್ಮೆಟ್ ಸಮೇತ ಸವಾರ 80 ಕೆ.ಜಿ. ಎಂದುಕೊಳ್ಳಿ. ಒಂದು ಚಕ್ರದ ಪಾಲಿಗೆ ಸುಮಾರು 140 ಕೆ.ಜಿ. ಗಾಳಿಯ ಒತ್ತಡ 36 ಪಿಎಸ್‌ಐ ಇದ್ದರೆ ಅದು ಚದರ ಸೆಂಟಿಮೀಟರಿಗೆ ಸುಮಾರು ಎರಡೂವರೆ ಕೆ.ಜಿ. ಭಾಗಿಸಿದಾಗ ಸಿಗುವುದು 55 ಚದರ ಸೆಂಟಿಮೀಟರ್, ಎಟಿಎಂ ಕಾರ್ಡಿಗಿಂತ ತುಸು ದೊಡ್ಡ ಜಾಗ. ಬ್ರೇಕ್ ಹಿಡಿಯುವುದು, ತಿರುವಿನಲ್ಲಿ ವಾಲುವುದು, ಆಕ್ಸಿಲರೇಟರ್ ತಿರುವಿದಾಗ ಮುಂದಕ್ಕೆ ಚಿಮ್ಮುವುದು ಎಲ್ಲವೂ ಅಂಥ ಎರಡು ತುಂಡು ರಬ್ಬರಿನ ಮೂಲಕವೇ ಆಗಬೇಕು.

ಆ ತುಂಡು ರಬ್ಬರ್ ರಸ್ತೆಯನ್ನು ಹಿಡಿಯುವುದು ಎರಡು ಬಗೆಯಲ್ಲಿ. ಮೊದಲನೆಯದು ಅಂಟು: ರಬ್ಬರಿನ ಅಣುಗಳು ಡಾಂಬರಿನ ಮೇಲ್ಮೈಗೆ ಕ್ಷಣಮಾತ್ರ ಅಂಟಿ ಬಿಡುತ್ತವೆ. ಇದಕ್ಕೆ ರಸ್ತೆ ಒಣಗಿರಬೇಕು, ಸ್ವಚ್ಛವಾಗಿರಬೇಕು. ಎರಡನೆಯದು ರಸ್ತೆಯ ಜಲ್ಲಿಕಲ್ಲಿನ ತರಿಗಳ ಸುತ್ತ ರಬ್ಬರ್ ಇಳಿದು ಕುಳಿತುಕೊಳ್ಳುವುದು. ತರಿಯ ಮೇಲೆ ಹತ್ತುವಾಗ ಒತ್ತಿಕೊಂಡ ರಬ್ಬರ್, ಇಳಿಯುವಾಗ ತಕ್ಷಣ ಪೂರ್ತಿಯಾಗಿ ಹಿಗ್ಗುವುದಿಲ್ಲ. ಸ್ವಲ್ಪ ಸೋಮಾರಿತನ ತೋರಿಸುತ್ತದೆ. ಆ ಸೋಮಾರಿತನದಲ್ಲಿ ಶಕ್ತಿ ಬಿಸಿಯಾಗಿ ಕಳೆದುಹೋಗುತ್ತದೆ, ಜಾರುವಿಕೆಯನ್ನು ತಡೆಯುವ ಬಲ ಹುಟ್ಟುವುದು ಅದರಿಂದಲೇ. ಮಳೆಯಲ್ಲಿ ನೀರಿನ ಪದರ ನಡುವೆ ಬಂದು ಅಂಟು ಬಹುಪಾಲು ಇಲ್ಲವಾದಾಗ ನಮ್ಮನ್ನು ಕಾಯುವುದು ಈ ಎರಡನೆಯ ಬಗೆ.

ಇಲ್ಲಿಂದಲೇ ಬಾಳಿಕೆಯ ಜಗಳವೂ ಶುರುವಾಗುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ 17 ಇಂಚಿನ ಚಕ್ರ ಸೆಕೆಂಡಿಗೆ ಹೆಚ್ಚುಕಡಿಮೆ 15 ಸುತ್ತು ಸುತ್ತುತ್ತದೆ. ಪ್ರತಿ ಸುತ್ತಿಗೆ ಒಮ್ಮೆ ಟಯರಿನ ಆ ಭಾಗ ನೆಲಕ್ಕೆ ಒತ್ತಿ ಚಪ್ಪಟೆಯಾಗಿ ಮತ್ತೆ ಉಬ್ಬುತ್ತದೆ. ಇದು ನಿಧಾನದ ಬಾಗುವಿಕೆ. ಇದರಲ್ಲಿ ಹೋಗುವ ಶಕ್ತಿ ಬರೀ ದಂಡ: ಟಯರ್ ಬಿಸಿಯಾಗುತ್ತದೆ, ಪೆಟ್ರೋಲ್ ಹೆಚ್ಚು ಖರ್ಚಾಗುತ್ತದೆ, ರಬ್ಬರ್ ಬೇಗ ದಣಿಯುತ್ತದೆ. ಇದೇ ಹೊತ್ತಿನಲ್ಲಿ ರಸ್ತೆಯ ಸಣ್ಣ ತರಿಗಳು ಅದೇ ರಬ್ಬರನ್ನು ಸೆಕೆಂಡಿಗೆ ಸಾವಿರಾರು ಸಲ ಒತ್ತಿ ಬಿಡುತ್ತಿರುತ್ತವೆ. ಇದರಲ್ಲಿ ಹೋಗುವ ಶಕ್ತಿ ಗ್ರಿಪ್. ಹಳೆಯ ಟಯರುಗಳಲ್ಲಿ ರಬ್ಬರಿಗೆ ಬಲ ಕೊಡಲು ಬೆರೆಸುತ್ತಿದ್ದದ್ದು ಕಾರ್ಬನ್ ಬ್ಲ್ಯಾಕ್ ಎಂಬ ಮಸಿ. ಟಯರ್ ಕಪ್ಪಗಿರುವುದು ಅದರಿಂದ. ಮಸಿ ಬೆರೆತ ರಬ್ಬರಿನಲ್ಲಿ ಒಂದನ್ನು ಕಡಿಮೆ ಮಾಡಹೊರಟರೆ ಇನ್ನೊಂದೂ ಕಡಿಮೆಯಾಗುತ್ತಿತ್ತು. 1990ರ ದಶಕದ ಆರಂಭದಲ್ಲಿ ಮಿಶೆಲಿನ್ ಕಾರಿನ ಟಯರಿಗೆ ಮಸಿಯ ಬದಲು ಸಿಲಿಕಾ, ಅಂದರೆ ಮರಳಿನ ಮೂಲವಸ್ತುವನ್ನೇ ನುಣ್ಣಗೆ ತಯಾರಿಸಿ ಬೆರೆಸುವ ದಾರಿ ಹಿಡಿಯಿತು. ಸಿಲಿಕಾ ತಾನಾಗಿ ರಬ್ಬರಿನೊಂದಿಗೆ ಕೂಡುವುದಿಲ್ಲ. ಸಿಲೇನ್ ಎಂಬ ರಾಸಾಯನಿಕ ಎರಡನ್ನೂ ಬೆಸೆಯಬೇಕು. ಬೆಸೆದ ಮೇಲೆ ಸಿಗುವ ರಬ್ಬರ್ ನಿಧಾನದ ಬಾಗುವಿಕೆಯಲ್ಲಿ ಕಡಿಮೆ ಬಿಸಿಯಾಗುತ್ತದೆ, ವೇಗದ ಒತ್ತುವಿಕೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ. ಬಾಳಿಕೆಗೂ ಒದ್ದೆ ರಸ್ತೆಯ ಹಿಡಿತಕ್ಕೂ ಇದ್ದ ಹಗೆತನ ಸಡಿಲವಾದದ್ದು ಹೀಗೆ. ಇಂದಿನ ಸ್ಪೋರ್ಟ್ ಟೂರಿಂಗ್ ಟಯರುಗಳೆಲ್ಲ ಸಿಲಿಕಾದ ಮಕ್ಕಳು.

ಇನ್ನು ಉಷ್ಣತೆ. ಪ್ರತಿ ರಬ್ಬರ್ ಮಿಶ್ರಣಕ್ಕೂ ತನ್ನದೇ ಆದ ಉಷ್ಣತೆಯ ವ್ಯಾಪ್ತಿ ಇರುತ್ತದೆ. ಅದಕ್ಕಿಂತ ಕೆಳಗೆ ರಬ್ಬರ್ ಬಿಗಿದುಕೊಂಡು ತರಿಗಳೊಳಗೆ ಇಳಿಯುವುದೇ ಇಲ್ಲ; ಮೇಲೆ ಹೋದರೆ ಮೆತ್ತಗಾಗಿ ಹರಿದುಬರುತ್ತದೆ. ರೇಸಿನವರು ಓಟಕ್ಕೆ ಮೊದಲು ಟಯರಿಗೆ ವಿದ್ಯುತ್ ಹೊದಿಕೆ ಹೊದಿಸಿ 80–90 ಡಿಗ್ರಿಗೆ ಕಾಯಿಸುವುದು ಶೋಕಿಗಲ್ಲ. ಆ ಟಯರನ್ನು ಜುಲೈ ಬೆಳಿಗ್ಗೆ ಶಿರಾಡಿ ಘಾಟಿಗೆ ತಂದರೆ, ಜಿಟಿಜಿಟಿ ಮಳೆ ಅದನ್ನು ಕ್ಷಣಕ್ಷಣವೂ ತಣಿಸುತ್ತಿರುವಾಗ, ಅದು ತನ್ನ ಕೆಲಸದ ಉಷ್ಣತೆಯ ಹತ್ತಿರಕ್ಕೂ ಬರುವುದಿಲ್ಲ. ‘ಸಾಧಾರಣ’ ಎನಿಸಿಕೊಂಡ ಟೂರಿಂಗ್ ಟಯರ್ ಚಕ್ರ ಉರುಳಿದ ಮೊದಲ ಕಿಲೋಮೀಟರಿನಿಂದಲೇ ಹಿಡಿಯಲು ಸಿದ್ಧವಾಗಿರುತ್ತದೆ. ಆ ರಸ್ತೆಯಲ್ಲಿ, ಆ ಹೊತ್ತಿನಲ್ಲಿ ಅದೇ ಹೆಚ್ಚು ಗ್ರಿಪ್ ಇರುವ ಟಯರ್. ‘ಟ್ರ್ಯಾಕ್‌ನಲ್ಲಿ ಓಡಿಸುವ ಟಯರ್ ಹಾಕಿಸಿದ್ದೇನೆ, ಇನ್ನು ಭಯವಿಲ್ಲ’ ಎನ್ನುವವರನ್ನು ಕಂಡಾಗ ನನಗೆ ಭಯವಾಗುವುದು ಇದೇ ಕಾರಣಕ್ಕೆ.

ನಡುವೆ ಗಟ್ಟಿ, ಅಂಚಿನಲ್ಲಿ ಮೆದು

ಬೈಕಿನ ಟಯರ್ ಕಾರಿನದರಂತೆ ಚಪ್ಪಟೆಯಲ್ಲ, ಅರ್ಧಗೋಳದ ಹಾಗೆ ಬಾಗಿದೆ. ನೇರ ರಸ್ತೆಯಲ್ಲಿ ನಡುವಿನ ಪಟ್ಟಿ ಮಾತ್ರ ದುಡಿಯುತ್ತದೆ, ವಾಲಿದಾಗ ಅಂಚು ದುಡಿಯುತ್ತದೆ. ಹಾಗಾದರೆ ಎರಡೂ ಕಡೆ ಒಂದೇ ರಬ್ಬರ್ ಏಕಿರಬೇಕು? ಈ ಪ್ರಶ್ನೆಯ ಉತ್ತರವೇ ಡ್ಯುಯಲ್ ಕಾಂಪೌಂಡ್: ನಡುವೆ ಸವೆತ ತಡೆಯುವ ಗಟ್ಟಿ ಮಿಶ್ರಣ, ಎರಡೂ ಅಂಚಿಗೆ ಮೆದು ಮಿಶ್ರಣ. ಮಿಶೆಲಿನ್ನಿನ ಪೈಲಟ್ ರೋಡ್ ಸರಣಿ ಇದನ್ನು ಸವಾರರ ನಡುವೆ ಮನೆಮಾತಾಗಿಸಿತು. ಮುಂದೆ ಅವರೇ ಇನ್ನೊಂದು ಹೆಜ್ಜೆ ಹೋಗಿ, ಹಿಂದಿನ ಟಯರಿನ ಅಂಚಿನ ಮೆದು ರಬ್ಬರಿನ ಕೆಳಗೂ ಗಟ್ಟಿ ರಬ್ಬರನ್ನು ಹಾಸಿದರು. ವಾಲಿಸಿ ಆಕ್ಸಿಲರೇಟರ್ ಕೊಟ್ಟಾಗ ಅಂಚು ಕಲಸಿದ ಹಿಟ್ಟಿನಂತಾಗದೆ ಬಿಗಿಯಾಗಿ ನಿಲ್ಲಲಿ ಎಂಬುದು ಉದ್ದೇಶ.

ಎಲ್ಲರೂ ಇದೇ ದಾರಿ ಹಿಡಿದಿಲ್ಲ. ಕಾಂಟಿನೆಂಟಲ್ ಕಂಪನಿಯದು ಬೇರೆ ಹಟ. ಒಂದೇ ಮಿಶ್ರಣವನ್ನು ಬಳಸಿ, ಅಚ್ಚಿನಲ್ಲಿ ಬೇಯಿಸುವಾಗ ನಡುವಿಗೂ ಅಂಚಿಗೂ ಬೇರೆ ಬೇರೆ ಶಾಖ ಕೊಟ್ಟು ಗಡಸುತನವನ್ನು ಮೆಲ್ಲಗೆ ಬದಲಾಯಿಸುತ್ತಾರೆ. ಗಟ್ಟಿಯಿಂದ ಮೆದುವಿಗೆ ದಾಟುವ ಗೆರೆಯೇ ಇರುವುದಿಲ್ಲ ಎಂಬುದು ಅವರ ವಾದ. ಓದುವುದಕ್ಕೆ ಎರಡೂ ಸರಿ ಎನಿಸುತ್ತದೆ. ಸವಾರಿಯಲ್ಲಿ ಈ ಭೇದ ಗೊತ್ತಾಗುವವರು ಬಹಳ ಕಡಿಮೆ ಎಂಬುದು ನನ್ನ ಅನಿಸಿಕೆ.

ಗೊತ್ತಾಗುವುದು ಒಳಗಿನ ಕವಚದ, ಅಂದರೆ ರಬ್ಬರಿನೊಳಗೆ ಹುದುಗಿದ ನೂಲಿನ ಪದರದ ಬಿಗಿ. ದೊಡ್ಡ ಟೂರಿಂಗ್ ಬೈಕುಗಳಿಗೆಂದು ಕೆಲವು ಮಾದರಿಗಳಲ್ಲಿ ‘ಜಿಟಿ’ ಎಂಬ ಗಟ್ಟಿ ಕವಚದ ಆವೃತ್ತಿ ಬರುತ್ತದೆ. ಇಬ್ಬರು ಸವಾರರು, ಎರಡು ಬದಿಗೆ ಪೆಟ್ಟಿಗೆ, 280 ಕೆ.ಜಿ. ಬೈಕು: ಇದು ಅಂಥವರಿಗೆ. ‘ಜಿಟಿ ಎಂದರೆ ಹೆಚ್ಚು ಬಾಳಿಕೆ’ ಎಂದುಕೊಂಡು 200 ಕೆ.ಜಿ. ಬೈಕಿಗೆ, ಒಬ್ಬನೇ ಓಡಿಸುವವನು ಅದನ್ನು ಹಾಕಿಸಿಕೊಂಡರೆ ಟಯರ್ ಬಾಗುವುದಿಲ್ಲ, ಬಿಸಿಯಾಗುವುದಿಲ್ಲ, ಪ್ರತಿ ಹಳ್ಳವೂ ಬೆನ್ನಿಗೆ ಬಡಿಯುತ್ತದೆ. ಹೆಸರಿನಲ್ಲಿ ಗೊಂದಲವೂ ಇದೆ: ಪಿರೆಲ್ಲಿ ಏಂಜೆಲ್ ಜಿಟಿ ಎಂಬುದು ಮಾದರಿಯ ಹೆಸರು, ಗಟ್ಟಿ ಕವಚದ ಗುರುತಲ್ಲ.

ಮಳೆ ಮತ್ತು ಗೀರುಗಳು

ಗೀರುಗಳು ಇರುವುದು ಹಿಡಿಯಲಿಕ್ಕೆ ಎಂಬುದು ಬಹಳ ಹಳೆಯ ತಪ್ಪು ತಿಳಿವಳಿಕೆ. ಒಣ ಡಾಂಬರಿನ ಮೇಲೆ ಗೀರೇ ಇಲ್ಲದ ನುಣುಪು ಟಯರ್ ಹೆಚ್ಚು ಹಿಡಿಯುತ್ತದೆ. ರೇಸಿನಲ್ಲಿ ಬಳಸುವುದು ಅದನ್ನೇ. ಗೀರಿನ ಕೆಲಸ ನೀರು ಸಾಗಿಸುವುದು. ಅಗಲವಾದ ಗೀರು ನೀರನ್ನು ಹೊರಗೆ ತಳ್ಳುತ್ತದೆ. ಕೂದಲೆಳೆಯಷ್ಟು ಸಣ್ಣ ಸೀಳುಗಳು, ಸೈಪ್ ಎನ್ನುತ್ತಾರೆ, ಉಳಿದ ತೆಳು ಪದರವನ್ನು ತಮ್ಮ ಅಂಚಿನಿಂದ ಒಡೆಯುತ್ತವೆ. 2011ರ ಪೈಲಟ್ ರೋಡ್ 3 ಮಾರುಕಟ್ಟೆಗೆ ಬಂದಾಗ ಮೈತುಂಬ ಇಂಥ ಸೀಳುಗಳಿದ್ದ ಆ ಟಯರನ್ನು ನೋಡಿ ಹಲವರು ನಕ್ಕಿದ್ದರು. ನಕ್ಕವರೇ ಮಳೆಯಲ್ಲಿ ಓಡಿಸಿದ ಮೇಲೆ ಸುಮ್ಮನಾದರು.

ಸೀಳಿಗೆ ಒಂದು ದೌರ್ಬಲ್ಯವಿತ್ತು. ಟಯರ್ ಸವೆದಂತೆ ಅದು ಆಳ ಕಳೆದುಕೊಂಡು ಕೆಲಸಕ್ಕೆ ಬಾರದಾಗುತ್ತಿತ್ತು. 2018ರ ರೋಡ್ 5ರಲ್ಲಿ ಮೇಲೆ ಕಿರಿದಾಗಿದ್ದು ಕೆಳಗೆ ಹೋದಂತೆ ಅಗಲವಾಗುವ ಸೀಳು ಬಂತು. ಅದನ್ನು ಮೂಡಿಸುವ ಅಚ್ಚಿನ ತುಂಡುಗಳನ್ನು ಲೋಹದ 3ಡಿ ಮುದ್ರಣದಲ್ಲಿ ತಯಾರಿಸಿದರು, ಏಕೆಂದರೆ ಆ ಆಕಾರವನ್ನು ಹಳೆಯ ವಿಧಾನದಲ್ಲಿ ಕೊರೆಯಲು ಆಗುತ್ತಿರಲಿಲ್ಲ. 5,600 ಕಿ.ಮೀ. ಓಡಿದ ರೋಡ್ 5, ಹೊಚ್ಚಹೊಸ ಪೈಲಟ್ ರೋಡ್ 4 ನಿಲ್ಲುವಷ್ಟೇ ದೂರದಲ್ಲಿ ಒದ್ದೆ ರಸ್ತೆಯಲ್ಲಿ ನಿಲ್ಲುತ್ತದೆ ಎಂದು ಮಿಶೆಲಿನ್ ಹೇಳಿಕೊಂಡಿತು. 2022ರಲ್ಲಿ ಬಂದ ರೋಡ್ 6 ಅದಕ್ಕಿಂತ ಶೇ 15ರಷ್ಟು ಹೆಚ್ಚು ಒದ್ದೆ ಗ್ರಿಪ್, ಶೇ 10ರಷ್ಟು ಹೆಚ್ಚು ಬಾಳಿಕೆ ಕೊಡುತ್ತದೆ ಎಂಬುದೂ ಕಂಪನಿಯದೇ ಮಾತು. ಇವೆಲ್ಲ ಮಾರುವವರ ಪರೀಕ್ಷೆಯ ಅಂಕಿಗಳು, ಅವನ್ನು ಹಾಗೆಯೇ ಓದಬೇಕು. ಆದರೆ ಕೇಳಬೇಕಾದ ಪ್ರಶ್ನೆಯನ್ನು ಅವು ಸರಿಯಾಗಿ ತೋರಿಸುತ್ತವೆ: ಹೊಸದಿದ್ದಾಗ ಎಷ್ಟು ಹಿಡಿಯುತ್ತದೆ ಎಂಬುದಲ್ಲ, ಅರ್ಧ ಸವೆದಾಗ ಮಳೆಯಲ್ಲಿ ಎಷ್ಟು ಹಿಡಿಯುತ್ತದೆ ಎಂಬುದು.

ಇಂಥ ಟಯರುಗಳ ಹೊರ ಅಂಚಿನ ಒಂದೆರಡು ಬೆರಳಿನಷ್ಟು ಜಾಗ ಮಾತ್ರ ನುಣ್ಣಗಿರುತ್ತದೆ. ಅದು ಕಂಪನಿಯ ಜಿಪುಣತನವಲ್ಲ. ಅಷ್ಟು ವಾಲಿಸುವುದು ಒಣ ರಸ್ತೆಯಲ್ಲಿ ಮಾತ್ರ, ಅಲ್ಲಿ ಗೀರು ಬೇಡ, ರಬ್ಬರ್ ಬೇಕು.

ಯಾವ ಟಯರೂ ಗೆಲ್ಲಲಾಗದ ನೆಲವೂ ಇದೆ. ಮುಂಗಾರಿನ ಮೊದಲ ಮಳೆಗೆ ತಿಂಗಳುಗಟ್ಟಲೆ ಕೂತಿದ್ದ ಎಣ್ಣೆ ಮತ್ತು ದೂಳು ಕಲಸಿ ರಸ್ತೆಯ ಮೇಲೆ ಹರಡುವ ಲೇಪ, ಜೀಬ್ರಾ ಪಟ್ಟಿಯ ಬಣ್ಣ, ಮೇಲ್ಸೇತುವೆಯ ಕೂಡಿಕೆಯ ಕಬ್ಬಿಣದ ಪಟ್ಟಿ, ಗದ್ದೆಯಿಂದ ಟ್ರ್ಯಾಕ್ಟರ್ ಹೊತ್ತು ತಂದ ಕೆಸರು, ಆಗುಂಬೆಯ ನೆರಳು ತಿರುವಿನಲ್ಲಿ ಬೆಳೆದ ಪಾಚಿ. ಇಲ್ಲಿ ಸಿಲಿಕಾ ಸೋಲುತ್ತದೆ, ಸೀಳೂ ಸೋಲುತ್ತದೆ. ನಿಧಾನವೇ ಗತಿ.

ಸವೆತವನ್ನು ಕೈಯಿಂದ ಓದುವುದು

ಹಿಂದಿನ ಟಯರ್ ಸವೆಯುವುದು ನಡುವೆ, ಮುಂದಿನದು ಅಂಚಿನಲ್ಲಿ. ಎಂಜಿನ್ನಿನ ಬಲವೆಲ್ಲ ಹಿಂದಿನ ಚಕ್ರದ ಮೂಲಕ ನೆಲಕ್ಕೆ ಇಳಿಯಬೇಕು, ಮತ್ತು ರಬ್ಬರ್ ಕೊಂಚವೂ ಜಾರದೆ ಬಲ ಕೊಡುವುದಿಲ್ಲ. ಕಣ್ಣಿಗೆ ಕಾಣದ ಆ ಜಾರುವಿಕೆಯೇ ಸವೆತ. ಬೆಂಗಳೂರಿನಿಂದ ತುಮಕೂರು, ಚಿತ್ರದುರ್ಗ, ದಾವಣಗೆರೆ ದಾಟಿ ಹುಬ್ಬಳ್ಳಿಯವರೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೋದರೆ ಸುಮಾರು 400 ಕಿ.ಮೀ. ಉದ್ದಕ್ಕೂ ದುಡಿಯುವುದು ಆ ನಡುವಿನ ಪಟ್ಟಿ ಒಂದೇ. ಹತ್ತಾರು ಬಾರಿ ಹೀಗೆ ಹೋದ ಟಯರನ್ನು ಹಿಂದಿನಿಂದ ನೋಡಿ: ಬಾಗು ಮಾಯವಾಗಿ ನಡು ಚಪ್ಪಟೆಯಾಗಿರುತ್ತದೆ, ಚಪ್ಪಟೆ ಮುಗಿದು ಬಾಗು ಶುರುವಾಗುವಲ್ಲಿ ಒಂದು ಏಣು ಎದ್ದಿರುತ್ತದೆ.

ಆ ಏಣು ಮಾಡುವ ಕಿತಾಪತಿ ಗೊತ್ತಾಗುವುದು ತಿರುವಿನಲ್ಲಿ. ಬೈಕ್ ಮೊದಲು ವಾಲಲು ಒಪ್ಪುವುದಿಲ್ಲ. ಇನ್ನಷ್ಟು ಒತ್ತಿದರೆ ಏಣನ್ನು ದಾಟಿ ತಟ್ಟನೆ ಬೀಳುವಂತೆ ವಾಲುತ್ತದೆ. ಗೀರಿನ ಆಳ ನೋಡಿದರೆ ಇನ್ನೂ ಎರಡು ಮಿ.ಮೀ. ಉಳಿದಿರಬಹುದು. ಕಾನೂನಿನ ಕಣ್ಣಿಗೆ ಟಯರ್ ಜೀವಂತ, ಘಾಟಿಯ ಮಟ್ಟಿಗೆ ಅದು ಸತ್ತಿದೆ. ಗೀರಿನೊಳಗೆ ಅಲ್ಲಲ್ಲಿ ಕಾಣುವ ಚಿಕ್ಕ ಉಬ್ಬು, ಸಾಮಾನ್ಯವಾಗಿ 0.8 ಮಿ.ಮೀ. ಎತ್ತರದ್ದು, ಸವೆತದ ಗುರುತು. ಮೇಲ್ಮೈ ಅದಕ್ಕೆ ಸಮವಾದರೆ ಟಯರ್ ಮುಗಿಯಿತು. ಜರ್ಮನಿಯಲ್ಲಿ ಕಾನೂನು ಕೇಳುವುದೇ 1.6 ಮಿ.ಮೀ. ಮಲೆನಾಡಿನ ಮಳೆಯಲ್ಲಿ ಓಡಿಸುವವರು ಜರ್ಮನಿಯ ಲೆಕ್ಕವನ್ನೇ ಹಿಡಿಯುವುದು ಒಳ್ಳೆಯದು.

ಇನ್ನೊಂದು ಕುತೂಹಲ. ನಮ್ಮಲ್ಲಿ ಟಯರಿನ ಬಲಭಾಗ ಎಡಭಾಗಕ್ಕಿಂತ ಬೇಗ ಸವೆಯುತ್ತದೆ. ಕಾರಣ ನಾವು ರಸ್ತೆಯ ಎಡಕ್ಕೆ ಓಡಿಸುವುದು. ಬಲ ತಿರುವಿನಲ್ಲಿ ನಮ್ಮ ಪಥ ಹೊರಗಿನದು, ಆದ್ದರಿಂದ ವಾಲಿಕೊಂಡು ಹೋಗುವ ದೂರ ಹೆಚ್ಚು. ಮುಂದಿನ ರಸ್ತೆ ಹೆಚ್ಚು ಕಾಣುವುದರಿಂದ ಧೈರ್ಯವೂ ಹೆಚ್ಚು. ನೀರು ಇಳಿಯಲೆಂದು ರಸ್ತೆಯನ್ನು ನಡುವೆ ಎತ್ತರಿಸಿ ಎಡಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ನೇರ ನಿಂತ ಬೈಕಿನ ಟಯರ್ ಆ ಇಳಿಜಾರಿನ ಮೇಲೆ ನೆಲ ಮುಟ್ಟುವುದು ನಡುವಿನಿಂದ ತುಸು ಬಲಕ್ಕೆ. ಮೈಸೂರಿನಂತೆ ಸರ್ಕಲ್‌ಗಳು ತುಂಬಿದ ಊರಿನಲ್ಲಿ ಅವನ್ನು ಸುತ್ತುವುದೂ ಬಲಕ್ಕೆ ವಾಲಿಯೇ. ಬಲಪಕ್ಕ ಸವೆದಿದೆ ಎಂದು ಚಾಸಿ ಸೊಟ್ಟಗಾಗಿದೆಯೇ ಎಂದು ಗಾಬರಿಯಾಗಬೇಕಿಲ್ಲ.

ಮುಂದಿನ ಟಯರನ್ನು ಕಣ್ಣಿಗಿಂತ ಅಂಗೈ ಚೆನ್ನಾಗಿ ಓದುತ್ತದೆ. ಮುಂದಿನ ಚಕ್ರವನ್ನು ಎತ್ತಿ ನಿಲ್ಲಿಸಿ, ಟ್ರೆಡ್, ಅಂದರೆ ಗೀರುಗಳಿರುವ ಮೇಲ್ಮೈಯ ಮೇಲೆ ಅಂಗೈಯನ್ನು ಚಕ್ರ ತಿರುಗುವ ದಿಕ್ಕಿಗೆ ಒಮ್ಮೆ, ವಿರುದ್ಧ ದಿಕ್ಕಿಗೆ ಒಮ್ಮೆ ಸವರಿ. ಒಂದು ಕಡೆಗೆ ನುಣ್ಣಗೆ ಜಾರಿ, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ತಡೆದರೆ ಪ್ರತಿ ಗೀರಿನ ಒಂದು ಅಂಚು ಹೆಚ್ಚು ಸವೆದಿದೆ ಎಂದರ್ಥ. ಬ್ರೇಕ್ ಹಿಡಿದಾಗಲೆಲ್ಲ ಆ ತುಂಡುಗಳು ಒಂದೇ ಕಡೆಗೆ ಬಾಗಿ ಹೀಗಾಗುತ್ತದೆ. ಗಾಳಿ ಕಡಿಮೆಯಿದ್ದರೆ, ಮುಂದಿನ ಫೋರ್ಕ್ ಸೊರಗಿದ್ದರೆ ಬೇಗ ಆಗುತ್ತದೆ. ವಾಲಿದಾಗ ಹ್ಯಾಂಡಲ್ಲಿನಲ್ಲಿ ಬರುವ ಗುಂಯ್ ಎಂಬ ಅದುರಾಟ ಇದರದೇ.

ಸ್ಪೋರ್ಟ್ ಟೂರಿಂಗ್ ಹಿಂದಿನ ಟಯರ್ ದೊಡ್ಡ ಬೈಕಿನಲ್ಲಿ ಸಾಮಾನ್ಯವಾಗಿ 8,000ದಿಂದ 15,000 ಕಿ.ಮೀ. ಬರುತ್ತದೆ, ಅಂಟುಗುಣದ ಸ್ಪೋರ್ಟ್ ಟಯರ್ ಅದೇ ಬೈಕಿನಲ್ಲಿ ಅದರ ಅರ್ಧಕ್ಕೇ ಸುಸ್ತಾಗುವುದುಂಟು. ಈ ಅಂಕಿಯ ಅಗಲವನ್ನು ಗಮನಿಸಿ. ಒಂದೇ ಟಯರಿನ ಎರಡು ತುದಿಗಳ ನಡುವೆ ಇಷ್ಟು ಅಂತರವಿರಬೇಕಾದರೆ, ಬ್ರ್ಯಾಂಡ್ ಬದಲಿಸುವುದಕ್ಕಿಂತ ಆಕ್ಸಿಲರೇಟರ್ ತಿರುವುವ ಬಲಗೈಯ ಅಭ್ಯಾಸ ಬದಲಿಸುವುದರಿಂದ ಸಿಗುವ ಲಾಭ ಹೆಚ್ಚು.

ಗಾಳಿ

ಕಾಸು ಖರ್ಚಿಲ್ಲದೆ ಗ್ರಿಪ್ಪನ್ನೂ ಬಾಳಿಕೆಯನ್ನೂ ಒಟ್ಟಿಗೆ ಹೆಚ್ಚಿಸುವ ಒಂದೇ ಒಂದು ಉಪಾಯ ಗಾಳಿಯನ್ನು ಸರಿಯಾಗಿ ಇಟ್ಟುಕೊಳ್ಳುವುದು. ಕಡಿಮೆಯಾದರೆ ಕವಚ ಅತಿಯಾಗಿ ಬಾಗಿ ಬಿಸಿಯಾಗುತ್ತದೆ, ಹ್ಯಾಂಡಲ್ ಭಾರವಾಗುತ್ತದೆ. ಹೆಚ್ಚಾದರೆ ನೆಲ ಮುಟ್ಟುವ ಜಾಗ ಕುಗ್ಗಿ ನಡು ಬೇಗ ಚಪ್ಪಟೆಯಾಗುತ್ತದೆ. ಎಷ್ಟಿರಬೇಕು ಎಂಬುದು ಚೈನಿನ ಕವಚದ ಬಳಿಯೋ ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಮೇಲೋ ಅಂಟಿಸಿದ ಚೀಟಿಯಲ್ಲಿರುತ್ತದೆ. ಟಯರಿನ ಪಕ್ಕೆಯ ಮೇಲೆ ಬರೆದ ಅಂಕಿ ಗರಿಷ್ಠ ಮಿತಿ, ಹಾಕಿಸಬೇಕಾದ ಪ್ರಮಾಣ ಅಲ್ಲ. ಈ ಎರಡನ್ನೂ ಅದಲುಬದಲು ಮಾಡುವ ಪೆಟ್ರೋಲ್ ಬಂಕಿನ ಹುಡುಗರು ಎಷ್ಟೋ ಮಂದಿ.

ಒತ್ತಡವನ್ನು ಅಳೆಯಬೇಕಾದದ್ದು ಟಯರ್ ತಣ್ಣಗಿರುವಾಗ, ಅಂದರೆ ಬೆಳಿಗ್ಗೆ ಹೊರಡುವ ಮುನ್ನ. 36 ಪಿಎಸ್‌ಐ ಸುತ್ತಮುತ್ತಲಿನ ಟಯರಿನಲ್ಲಿ ಉಷ್ಣತೆ 10 ಡಿಗ್ರಿ ಏರಿದರೆ ಒತ್ತಡ ಒಂದೂವರೆ ಪಿಎಸ್‌ಐ ಮೇಲೆ ಏರುತ್ತದೆ. ಬೆಂಗಳೂರಿನ 20 ಡಿಗ್ರಿಯ ಬೆಳಗಿನಲ್ಲಿ ಸರಿಯಾಗಿ ತುಂಬಿಸಿದ ಟಯರ್, ರಾಯಚೂರಿನ 42 ಡಿಗ್ರಿಯ ಬಿಸಿಲಿನಲ್ಲಿ ಸುಮ್ಮನೆ ನಿಂತಿದ್ದರೂ ಮೂರು ಪಿಎಸ್‌ಐನಷ್ಟು ಹೆಚ್ಚು ತೋರಿಸುತ್ತದೆ. ಓಡಿದ ಬಿಸಿ ಬೇರೆ. ಅದನ್ನು ಕಂಡು ದಾರಿಯಲ್ಲಿ ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಟಯರ್ ಸೊರಗಿರುತ್ತದೆ. ಎತ್ತರದ ಆಟವೂ ಇದೆ. ಸಮುದ್ರ ಮಟ್ಟಕ್ಕಿಂತ 900 ಮೀಟರ್ ಎತ್ತರದ ಬೆಂಗಳೂರಿನಿಂದ ಮಂಗಳೂರಿಗೆ ಇಳಿದಾಗ ಹೊರಗಿನ ವಾಯುಭಾರ ಹೆಚ್ಚಾಗಿ ಗೇಜು ಒಂದೂವರೆ ಪಿಎಸ್‌ಐ ಕಡಿಮೆ ತೋರಿಸುತ್ತದೆ. ಕರಾವಳಿಯ ಸೆಕೆ ಅದನ್ನು ಬಹುಪಾಲು ತುಂಬಿಕೊಡುತ್ತದೆ. ಆದ್ದರಿಂದ ಊರೂರಿಗೆ ಗಾಳಿ ತಿದ್ದುವ ಚಪಲ ಬೇಡ. ಸ್ವಂತಕ್ಕೊಂದು ಒಳ್ಳೆಯ ಗೇಜು ಇಟ್ಟುಕೊಂಡು, ಹೊರಡುವ ಬೆಳಿಗ್ಗೆ ನೋಡಿದರೆ ಸಾಕು.

ಪಕ್ಕೆಯ ಮೇಲಿನ ಅಕ್ಷರ

650 ಸಿಸಿಯ ಹಲವು ಬೈಕುಗಳ ಹಿಂದಿನ ಟಯರಿನಲ್ಲಿ 160/60 ಝಡ್‌ಆರ್ 17 69ಡಬ್ಲ್ಯು ಎಂದಿರುತ್ತದೆ. ಅಗಲ 160 ಮಿ.ಮೀ., ಎತ್ತರ ಅದರ ಶೇ 60, ಅಂದರೆ 96 ಮಿ.ಮೀ. ‘ಆರ್’ ಎಂದರೆ ರೇಡಿಯಲ್, ಒಳಗಿನ ನೂಲುಗಳು ಒಂದು ಬದಿಯಿಂದ ಇನ್ನೊಂದಕ್ಕೆ ನೇರವಾಗಿ ಹಾದಿರುವ ಬಗೆ. 17 ಇಂಚಿನ ರಿಮ್. 69 ಎಂಬ ಸಂಕೇತಕ್ಕೆ 325 ಕೆ.ಜಿ. ಹೊರುವ ಶಕ್ತಿ, ‘ಡಬ್ಲ್ಯು’ಗೆ ಗಂಟೆಗೆ 270 ಕಿ.ಮೀ. ವೇಗ. ನಮ್ಮ ರಸ್ತೆಯಲ್ಲಿ ಆ ವೇಗಕ್ಕೆ ಅರ್ಥವಿಲ್ಲ, ಆದರೆ ಹೊರುವ ಅಂಕಿಯನ್ನು ಕಡಿಮೆ ಮಾಡಿಕೊಳ್ಳಬಾರದು, ಅದರಲ್ಲೂ ಹಿಂದೆ ಒಬ್ಬರನ್ನು ಕೂರಿಸಿ ಲಗೇಜು ಕಟ್ಟುವವರು.

ಅಗಲದ ಮೋಹದ ಬಗ್ಗೆ ಒಂದು ಮಾತು. 160ರ ಜಾಗಕ್ಕೆ 180 ಹಾಕಿಸಿದರೆ ಬೈಕ್ ಹಿಂದಿನಿಂದ ಗಟ್ಟಿಮುಟ್ಟಾಗಿ ಕಾಣುತ್ತದೆ, ನಿಜ. ಆದರೆ 180ರ ಟಯರ್ ಐದೂವರೆ ಇಂಚು ಅಗಲದ ರಿಮ್‌ಗೆ ತಯಾರಾದದ್ದು. ನಾಲ್ಕೂವರೆ ಇಂಚಿನ ರಿಮ್ ಅದನ್ನು ಎರಡೂ ಬದಿಯಿಂದ ಹಿಂಡುತ್ತದೆ, ಬಾಗು ಚೂಪಾಗುತ್ತದೆ, ನೆಲ ಮುಟ್ಟುವ ಜಾಗ ಹೆಚ್ಚುವ ಬದಲು ಕಡಿಮೆಯಾಗುತ್ತದೆ. ರೇಡಿಯಲ್ ಇದ್ದ ಬೈಕಿನ ಒಂದು ಚಕ್ರಕ್ಕೆ ಅಗ್ಗವೆಂದು ಬಯಾಸ್, ಅಂದರೆ ನೂಲುಗಳು ಓರೆಯಾಗಿ ಹಾದಿರುವ ಟಯರ್ ಹಾಕಿಸುವುದೂ ಇದೇ ಜಾತಿಯ ಜಾಣತನ.

ಪಕ್ಕೆಯ ಮೇಲೆ ಡಾಟ್ (DOT) ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳನ್ನು ಅಂಗಡಿಯಲ್ಲೇ ಬಗ್ಗಿ ಓದಿ. 2323 ಎಂದಿದ್ದರೆ 2023ರ 23ನೇ ವಾರದಲ್ಲಿ ತಯಾರಾದದ್ದು. ಇದು ನಮ್ಮ ದೇಶದಲ್ಲಿ ಬೇರೆಡೆಗಿಂತ ಹೆಚ್ಚು ಮುಖ್ಯ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟಯರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿ ಪರವಾನಗಿ ಕಡ್ಡಾಯ ಮಾಡಿತು. ಬೈಕಿನ ಟಯರುಗಳೂ ಅದರಲ್ಲಿ ಸೇರಿದ್ದವು. ಆಮದು ಸರಾಗವಾಗಿಲ್ಲದ ಕಡೆ ಬೆಲೆ ಏರುತ್ತದೆ, ಹಳೆಯ ದಾಸ್ತಾನು ಹೊಸ ಬೆಲೆಗೆ ಹೊರಬರುತ್ತದೆ. ರಬ್ಬರ್ ಓಡದೆಯೂ ವಯಸ್ಸಾಗುತ್ತದೆ: ಗಾಳಿಯ ಆಮ್ಲಜನಕ, ಓಝೋನ್, ಬಿಸಿಲು ಅದನ್ನು ಗಡಸಾಗಿಸುತ್ತವೆ. ನೆರಳಿನಲ್ಲಿ ಸರಿಯಾಗಿ ಇಟ್ಟಿದ್ದ ಎರಡು ವರ್ಷದ ಟಯರಿಗೆ ನಾನು ಬೇಡ ಎನ್ನುವುದಿಲ್ಲ, ಚೌಕಾಸಿಯನ್ನು ಮಾತ್ರ ಬಿಡುವುದಿಲ್ಲ. ಐದು ವರ್ಷ ದಾಟಿದ್ದಾದರೆ ಬಿಟ್ಟಿ ಕೊಟ್ಟರೂ ಬೇಡ.

ಯಾರಿಗೆ ಯಾವುದು

300–400 ಸಿಸಿಯ ಬೈಕಿನವರಿಗೆ ಈ ಸಂಕಟ ಕಡಿಮೆ. 110/70 ಮತ್ತು 150/60 ಅಳತೆಯಲ್ಲಿ ದೇಶೀಯ ರೇಡಿಯಲ್‌ಗಳು ಸಿಗುತ್ತವೆ. ಅಪೋಲೊ ಆಲ್ಫಾ ಎಚ್1 ಒಂದು ಉದಾಹರಣೆ. ಹೊಸೂರಿನ ಟಿವಿಎಸ್ 2020ರಲ್ಲಿ ತನ್ನ ಅಪಾಚೆ ಆರ್‌ಆರ್ 310 ಬೈಕಿಗೆ ಕಾರ್ಖಾನೆಯಲ್ಲೇ ಮಿಶೆಲಿನ್ ರೋಡ್ 5 ತೊಡಿಸಿ ಕಳಿಸಿತು. 34 ಅಶ್ವಶಕ್ತಿಯ ಹಗುರ ಬೈಕಿಗೆ ಆ ಟಯರ್ ಬೇಕೇ ಎಂದು ಕೇಳಿದವರಿದ್ದರು. ಬೇಕು ಎನ್ನುತ್ತೇನೆ, ಒದ್ದೆ ರಸ್ತೆಗೆ ಅಶ್ವಶಕ್ತಿಯ ಲೆಕ್ಕ ಗೊತ್ತಿಲ್ಲ. ಹಗುರ ಬೈಕಿನಲ್ಲಿ ಅದು ಬಾಳುವುದೂ ಹೆಚ್ಚು.

650 ಸಿಸಿ ಮತ್ತು ಅದಕ್ಕಿಂತ ದೊಡ್ಡ ಬೈಕಿನವರು ಮೊದಲು ತಮ್ಮ ವರ್ಷವನ್ನು ಪ್ರಾಮಾಣಿಕವಾಗಿ ನೆನೆಯಬೇಕು. ನೂರಕ್ಕೆ ಎಂಬತ್ತು ಪಾಲು ಊರೊಳಗೆ ಮತ್ತು ನೇರ ಹೆದ್ದಾರಿಯಲ್ಲಿ ಓಡಿಸುವವರಿಗೆ ನಡುವಿನ ಪಟ್ಟಿ ಗಟ್ಟಿಯಿರುವ ಡ್ಯುಯಲ್ ಕಾಂಪೌಂಡ್ ಬೇಕು, ಬೇರೆ ಯೋಚನೆ ಬೇಡ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ಬ್ರೇಕ್ ಹಿಡಿದು, ಮತ್ತೆ ಎಳೆದು ಹೋಗುವವರ ಟಯರ್, ಅದೇ ದೂರವನ್ನು ಸಮವೇಗದಲ್ಲಿ ಹೋಗುವವರದಕ್ಕಿಂತ ಬೇಗ ಸವೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಾರ್ಮಾಡಿ, ಆಗುಂಬೆ, ಕೊಡಗು ಎಂದು ಸುತ್ತುವವರು ಒದ್ದೆ ರಸ್ತೆಯ ಹಿಡಿತಕ್ಕೆ ಮೊದಲ ಅಂಕ ಕೊಟ್ಟು, ಬಾಳಿಕೆ ಎರಡು ಸಾವಿರ ಕಿ.ಮೀ. ಕಡಿಮೆಯಾದರೂ ಒಪ್ಪಿಕೊಳ್ಳಲಿ. ಕಲಬುರಗಿ, ಬಳ್ಳಾರಿಯ ಕಡೆಯವರಿಗೆ ವರ್ಷದ ಬಹುಪಾಲು ನೆಲವೇ ಕಾದಿರುತ್ತದೆ. ಅಲ್ಲಿ ಮೆದು ಸ್ಪೋರ್ಟ್ ಟಯರ್ ಹಾಕಿಸುವುದು ದುಡ್ಡನ್ನು ಡಾಂಬರಿಗೆ ಉಜ್ಜಿದಂತೆ. ತಿಂಗಳಿಗೊಮ್ಮೆ ರೇಸ್ ಟ್ರ್ಯಾಕ್‌ಗೆ ಹೋಗುವವರಿಗೆ ಮಾತ್ರ ಸ್ಪೋರ್ಟ್ ಟಯರ್ ಸಮರ್ಥನೀಯ. ಅವರೂ ಅದಕ್ಕೆಂದು ಬೇರೆ ರಿಮ್ ಜೋಡಿ ಇಟ್ಟುಕೊಳ್ಳುವುದು ವಾಸಿ.

ಹಿಂದಿನದು ಸವೆದಾಗ ಅದೊಂದನ್ನೇ ಬದಲಿಸಬಹುದೇ? ಮುಂದಿನದು ಅರ್ಧಕ್ಕಿಂತ ಹೆಚ್ಚು ಉಳಿದಿದ್ದು ಆಕಾರ ಸರಿಯಿದ್ದರೆ, ಅದೇ ಮಾದರಿಯ ಹಿಂದಿನ ಟಯರ್ ಹಾಕಿಸಿ. ಮಾದರಿ ಬದಲಿಸುವುದಾದರೆ ಎರಡನ್ನೂ ಬದಲಿಸುವುದೇ ಸರಿ, ಏಕೆಂದರೆ ಮುಂದಿನದರ ಬಾಗಿಗೆ ಹೊಂದುವಂತೆ ಹಿಂದಿನದರ ಬಾಗನ್ನು ರೂಪಿಸಿರುತ್ತಾರೆ. ಹಾಕಿಸುವಾಗ ಪಕ್ಕದಲ್ಲಿ ನಿಂತು ನೋಡಿ: ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗಿದೆಯೇ, ಹೊಸ ವಾಲ್ವ್ ಹಾಕಿದರೇ, ರಿಮ್‌ಗೆ ಸುತ್ತಿಗೆ ತಾಗುತ್ತಿದೆಯೇ, ಬ್ಯಾಲೆನ್ಸಿಂಗ್ ಮಾಡಿದರೇ. ಕಾರಿನ ಟಯರ್ ತೆಗೆಯುವ ಯಂತ್ರದಲ್ಲಿ ಬೈಕಿನ ಅಲಾಯ್ ಚಕ್ರವನ್ನು ಸಿಕ್ಕಿಸಿ ಅಂಚು ಗೀಚುವ ಅಂಗಡಿಗಳಿಗೆ ಕೊರತೆಯಿಲ್ಲ.

ಹೊಸ ಟಯರಿನ ಮೇಲ್ಮೈ ಅಚ್ಚಿನಿಂದ ಬಂದ ನುಣುಪಿನಲ್ಲಿರುತ್ತದೆ. ಮೊದಲ 150 ಕಿ.ಮೀ. ಮೆಲ್ಲಗೆ ಓಡಿಸಿ, ವಾಲುವಿಕೆಯನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹೋಗಬೇಕು. ಅಂಚು ನೆಲ ಮುಟ್ಟದೆ ಅಂಚಿನ ನುಣುಪು ಹೋಗುವುದಿಲ್ಲ, ಹಾಗಾಗಿ ನೇರ ಹೆದ್ದಾರಿಯಲ್ಲಿ 150 ಕಿ.ಮೀ. ಮುಗಿಸಿ ನೇರವಾಗಿ ಘಾಟಿಗೆ ಇಳಿದರೆ ಲೆಕ್ಕ ಮುಗಿದಿಲ್ಲ. ಟಯರ್ ಬದಲಿಸಲು ಮುಂಗಾರಿಗೆ ಎರಡು ವಾರ ಮುಂಚಿನ ಒಣ ದಿನಗಳೇ ಅನುಕೂಲ.